ಎರಡನೆಯ ಎಲೆ

ನನ್ನ ಕೆಲಸ ಮಂಗಳೂರಿನ ಫಳ್ನೀರಿನ ಒಂದು ಸ್ಕ್ಯಾನಿಂಗ್ ಸೆಂಟರಿನ ಕೌಂಟರಿನಲ್ಲಿ. ಹದಿನಾರು ವರ್ಷದಿಂದ ಅಲ್ಲಿ ಕೂತು ಜನರ ಕೈಗೆ ರಿಪೋರ್ಟು ಕೊಡುತ್ತಿದ್ದೇನೆ. ಕವರಿನ ಒಳಗೆ ಎಂಥ ಸುದ್ದಿ ಇದ್ದರೂ ನನ್ನ ಮುಖ ಮಾತ್ರ ಒಂದೇ. "ಡಾಕ್ಟರಿಗೆ ತೋರಿಸಿ" ಎಂದು ಹೇಳಿ ಮುಂದಿನ ಟೋಕನ್ ಕರೆಯುತ್ತೇನೆ. ಕೆಲವರು ಹೋಗದೆ ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಾರೆ, ಅಲ್ಲಿ ಏನಾದರೂ ಸಿಕ್ಕೀತೋ ಎಂದು. ಏನೂ ಸಿಗುವುದಿಲ್ಲ. ಇದನ್ನೊಂದು ವಿದ್ಯೆ ಎಂದೇ ನಾನು ತಿಳಿದಿದ್ದೆ, ಮನೆಯಲ್ಲಿ ಜಂಬದಿಂದ ಹೇಳಿಕೊಳ್ಳುತ್ತಲೂ ಇದ್ದೆ. ಅತ್ತಿಗೆಗೆ ಸುದ್ದಿ ಮುಟ್ಟಿಸುವ ಕೆಲಸ ನನ್ನ ತಲೆಗೆ ಬಿದ್ದದ್ದು ಹಾಗೆ.

"ನಿನಗೆ ಅಭ್ಯಾಸ ಉಂಟಲ್ಲ ಮಗಾ, ನೀನೇ ಹೇಳು," ಎಂದಳು ಅಮ್ಮ. ನಮ್ಮ ಮನೆಯ ಮಾತು ತುಳು. ಇಲ್ಲಿ ಬರೆಯುವಾಗ ಕನ್ನಡ ಮಾಡಿದ್ದೇನೆ. ಅಮ್ಮನ ಮಾತಿನ ಖಾರ ತುಳುವಿನಲ್ಲಿ ಇನ್ನೂ ಒಂದು ಚಮಚ ಹೆಚ್ಚು.

ಸುದ್ದಿ ಇಷ್ಟೇ. ಅಣ್ಣ ಮದುವೆಯಾದ ಮೂರನೆಯ ವರ್ಷ ಗಲ್ಫಿಗೆ ಹೋದ. ಎರಡು ಸಲ ರಜೆಯಲ್ಲಿ ಬಂದ, ಆಮೇಲೆ ಬರಲಿಲ್ಲ. ಆರು ವರ್ಷದ ಹಿಂದೆ ಒಂದು ದಿನ ನನ್ನ ಊಟದ ಬಿಡುವಿನಲ್ಲಿ ಫೋನ್ ಮಾಡಿ, ಅಲ್ಲಿ ತನಗೆ ಬೇರೆ ಸಂಸಾರ ಆಗಿದೆ, ಹೆಣ್ಣುಮಗು ಹುಟ್ಟಿದೆ ಎಂದ. ಊರಲ್ಲಿ ಮಳೆ ಬಂತಾ ಎಂದು ಕೇಳುವಷ್ಟೇ ಸಲೀಸಾಗಿ ಹೇಳಿದ. ಸಂಜೆ ನಾನು ಶಕ್ತಿನಗರದ ತವರುಮನೆಗೆ ಹೋಗಿ ಅಮ್ಮನ ಕಿವಿಯಲ್ಲಿ ಹೇಳಿದೆ. ಅತ್ತಿಗೆ ಆಗ ಹಿತ್ತಲಲ್ಲಿ ಅಮ್ಮನ ಸೀರೆ ಒಗೆಯುತ್ತಿದ್ದಳು. ಅಮ್ಮ ಎರಡು ದಿನ ಅತ್ತಳು. ಮೂರನೆಯ ದಿನ ಕಣ್ಣೊರೆಸಿಕೊಂಡು, "ಅವಳಿಗೆ ಹೇಳುವುದು ಬೇಡ. ಹೇಳಿದರೆ ಹೋಗ್ತಾಳೆ. ಈ ಮೊಣಕಾಲು ಇಟ್ಕೊಂಡು ನಾನು ಎಂತ ಮಾಡುವುದು?" ಎಂದಳು. ನಾನು ಒಪ್ಪಿದೆ. ಅತ್ತಿಗೆ ಹೋದರೆ ಅಮ್ಮ ನನ್ನ ಫ್ಲ್ಯಾಟಿಗೆ ಬಂದು ಕೂರುತ್ತಾಳೆ ಎಂದು ನನಗೆ ಗೊತ್ತಿತ್ತು. ಒಪ್ಪಲಿಕ್ಕೆ ಬೇರೆ ಕಾರಣ ಇರಲಿಲ್ಲ.

ಐದು ವರ್ಷ ಅತ್ತಿಗೆಯನ್ನು ನಾವಿಬ್ಬರೂ ಸೇರಿ ಸಾಕಿದೆವು, ಸುಳ್ಳು ಹಾಕಿ. ಅಣ್ಣ ಊರಿಗೆ ಬರುವವರ ಕೈಯಲ್ಲಿ ಅಮ್ಮನಿಗೆ ಮುಲಾಮು, ಖರ್ಜೂರ ಕಳುಹಿಸುತ್ತಿದ್ದ. ಅತ್ತಿಗೆಗೆ ಏನೂ ಇರುತ್ತಿರಲಿಲ್ಲ. ಹಾಗಾಗಿ ನಾನು ಪೇಟೆಯಲ್ಲಿ ಫಾರಿನ್ ಸಾಮಾನು ಮಾರುವ ಅಂಗಡಿಗೆ ಹೋಗಿ ಒಂದು ವರ್ಷ ಸೆಂಟು, ಒಂದು ವರ್ಷ ಸಾಬೂನು, ಒಂದು ವರ್ಷ ನೈಟಿ ತಂದು, ಅಣ್ಣನ ಪಾರ್ಸೆಲಿನಲ್ಲಿ ಸೇರಿಸಿ, "ನೋಡು, ನಿನಗೆ" ಎಂದು ತೆಗೆದುಕೊಡುತ್ತಿದ್ದೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗೆ ಇಡುತ್ತಿದ್ದಳು. ಅದನ್ನು ಕಂಡು ನನ್ನ ಕಣ್ಣು ತುಂಬಿಬರುತ್ತಿತ್ತು. ನಾನೆಷ್ಟು ಒಳ್ಳೆಯವಳು ಎಂದು ತುಂಬಿಬರುತ್ತಿತ್ತು.

ಅತ್ತಿಗೆ ಸಂಬಂಧದಲ್ಲಿ ದೊಡ್ಡವಳು, ಪ್ರಾಯದಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು. ಹಾಗಾಗಿ ಇಬ್ಬರಿಗೂ ಏಕವಚನ. ನದಿದಂಡೆಯ ಊರಿನವಳು. ಮಾತು ಕಡಿಮೆ, ಕೆಲಸ ಜಾಸ್ತಿ. ಮಕ್ಕಳಾಗಲಿಲ್ಲ ಎಂದು ಅಮ್ಮ ವರ್ಷಕ್ಕೆ ಎರಡು ಸಲವಾದರೂ ಕುಟುಕುತ್ತಿದ್ದಳು, ಗಂಡ ಹತ್ತಿರ ಇಲ್ಲದೆ ಮಕ್ಕಳು ಆಗುವುದು ಹೇಗೆ ಎಂದು ಅತ್ತಿಗೆ ಒಮ್ಮೆಯೂ ತಿರುಗಿ ಕೇಳಲಿಲ್ಲ.

ಕಳೆದ ವರ್ಷದ ಮೊದಲಿಗೆ ಅಣ್ಣ ಮತ್ತೆ ಫೋನ್ ಮಾಡಿದ. ಮೇ ತಿಂಗಳಲ್ಲಿ ಅವರನ್ನೂ ಕರೆದುಕೊಂಡು ಬರುತ್ತೇನೆ, ಹದಿನೈದು ದಿನ ಶಕ್ತಿನಗರದಲ್ಲೇ ಇರುತ್ತೇನೆ, ಅಷ್ಟರೊಳಗೆ ಇವಳದ್ದು ಎಂತಾದರೂ ಒಂದು ಮಾಡಿಬಿಡಿ ಎಂದ. ಹಳೆಯ ಫ್ರಿಜ್ ತೆಗೆಸಿಡಿ ಎಂದ ಹಾಗೆ. ಅಮ್ಮನಿಗೆ ಮೊಮ್ಮಗಳ ಫೋಟೋ ಕಳುಹಿಸಿದ. ಅಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು, "ಮೂಗು ನಮ್ಮದೇ" ಎಂದಳು. ಅಲ್ಲಿಗೆ ಅತ್ತಿಗೆಯ ವಿಷಯ ತೀರ್ಮಾನವಾಯಿತು. ಕಾಲಿಗೆ ಎಣ್ಣೆ ಹಚ್ಚಲು ದಿನಕ್ಕೆ ಎರಡು ಗಂಟೆ ಬರುವ ಹೋಂ ನರ್ಸ್ ಸಿಗುತ್ತಾಳಂತೆ, ಪಕ್ಕದ ಮನೆಯವರು ಹೇಳಿದ್ದರು.

ಹೇಳುವುದು ಎಲ್ಲಿ ಎಂಬುದೇ ತೊಡಕು. ಮನೆಯಲ್ಲಿ ಹೇಳಿದರೆ ಅತ್ತಿಗೆ ಬಾಯಿ ಬಡಿದುಕೊಂಡು ಅತ್ತರೆ ಇಡೀ ಬೀದಿಗೆ ಕೇಳುತ್ತದೆ. ಅಥವಾ ಎದ್ದು ಪಕ್ಕದ ಮನೆಗೆ ಹೋಗಿ ಕೂತರೆ? ಆಗ ನನಗೆ ಹೊಳೆದದ್ದು ಕುದ್ರು. ನಮ್ಮ ಕಡೆ ನದಿಯ ನಡುವಿನ ದ್ವೀಪಕ್ಕೆ ಕುದ್ರು ಎನ್ನುವುದು. ಅಂಥದೊಂದು ಕುದ್ರುವಿನಲ್ಲಿ ನಾಲ್ಕು ಕಾಟೇಜು ಕಟ್ಟಿ ರೆಸಾರ್ಟ್ ಮಾಡಿದ್ದಾರೆ, ನಮ್ಮ ಸೆಂಟರಿನ ಡಾಕ್ಟರೊಬ್ಬರು ಹೋಗಿ ಬಂದಿದ್ದರು. ಸುತ್ತ ನೀರು. ಅತ್ತರೆ ಕೇಳುವವರಿಲ್ಲ. ದೋಣಿ ಬಾರದೆ ಎದ್ದು ಹೋಗಲಿಕ್ಕೂ ಆಗುವುದಿಲ್ಲ. ಎರಡು ದಿನದಲ್ಲಿ ಅತ್ತು ಮುಗಿಸಿದ ಮೇಲೆ ಅಲ್ಲಿಂದಲೇ ಅವಳ ತವರಿಗೆ ಬಿಟ್ಟು ಬರುವುದು. ಈಗ ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯ ಹುಟ್ಟುತ್ತದೆ. ಆಗ ಹುಟ್ಟಲಿಲ್ಲ. ಎಷ್ಟು ಸೂಕ್ಷ್ಮದಲ್ಲಿ ಮುಗಿಸುತ್ತಿದ್ದೇನೆ ಎಂದು ಖುಷಿಯಾಗಿತ್ತು.

ಒಂದೇ ತೊಂದರೆ. ಬಿಡುವು ಸಿಕ್ಕಿದ ಶನಿವಾರ, ಭಾನುವಾರದಲ್ಲಿ ಭಾನುವಾರ ಅಪ್ಪ ತೀರಿಕೊಂಡ ದಿನ. ನಮ್ಮ ಮನೆಯ ಕ್ರಮ ಹೀಗೆ: ಆ ದಿನ ಒಂದು ಕೋಣೆಯಲ್ಲಿ ಬಾಳೆಲೆ ಹಾಕಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಯಿಬಿಟ್ಟು ಊಟಕ್ಕೆ ಕರೆಯಬೇಕು. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡು ಕಾಯಬೇಕು. ನಮ್ಮೆದುರು ಉಣ್ಣಲಿಕ್ಕೆ ಅವರಿಗೆ ನಾಚಿಕೆಯಂತೆ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲಿಗೆ ಎರಡು ಸಲ ತಟ್ಟಿ ಒಳಗೆ ಹೋಗುವುದು, ಎಲೆಯಲ್ಲಿ ಇರುವುದನ್ನು ಮನೆಯವರು ಉಣ್ಣುವುದು. ಒಮ್ಮೆ ಒಬ್ಬರಿಗೆ ಬಡಿಸಿದರೆ ಮತ್ತೆ ಪ್ರತಿ ವರ್ಷ ಬಡಿಸಬೇಕು. ಬಿಟ್ಟರೆ ಅವರು ಹಸಿದು ಮನೆಯ ಸುತ್ತ ತಿರುಗುತ್ತಾರೆ ಎಂದು ಅಮ್ಮನ ನಂಬಿಕೆ. ರೆಸಾರ್ಟಿನ ಮ್ಯಾನೇಜರಿಗೆ ಫೋನ್ ಮಾಡಿ ಕೇಳಿದೆ. "ರೂಮಿನ ಒಳಗೆ ಎಂತ ಬೇಕಾದ್ರೂ ಮಾಡಿ ಮೇಡಂ, ಊದುಬತ್ತಿ ಮಾತ್ರ ಹಚ್ಚಬೇಡಿ, ಅಲಾರಂ ಹೊಡ್ಕೊಳ್ತದೆ," ಎಂದರು. ಅಮ್ಮ ಒಪ್ಪಿದಳು. ಅಪ್ಪನಿಗೆ ಬಡಿಸಿ, ಆ ಊಟ ಆದ ಮೇಲೆ ಹೇಳಿದರೆ ಅಪ್ಪನ ಆಶೀರ್ವಾದವೂ ಇರುತ್ತದೆ ಎಂದಳು. ಆಶೀರ್ವಾದ ಯಾವುದಕ್ಕೆ ಎಂದು ನಾನೂ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಮೂವರು ಹೆಂಗಸರು ರಿಕ್ಷಾ ಹತ್ತಿ ಹೊರಟೆವು. ನನ್ನ ಗಂಡ ಬರಲಿಲ್ಲ. ಇಂಥದ್ದಕ್ಕೆಲ್ಲ ಅವರಿಗೆ ಯಾವಾಗಲೂ ಆಫೀಸಿನಲ್ಲಿ ಕೆಲಸ ಇರುತ್ತದೆ. ಅತ್ತಿಗೆಯ ಬ್ಯಾಗು ಇಡೀ ಸೀಟಿನ ಅರ್ಧ ಹಿಡಿದಿತ್ತು.

"ಎರಡು ದಿನಕ್ಕೆ ಇಷ್ಟು ದೊಡ್ಡ ಬ್ಯಾಗಾ? ಮನೆಯೇ ಕಟ್ಕೊಂಡು ಬಂದಿದ್ದೀಯಾ ಮಾರಾಯ್ತಿ?" ಎಂದು ಗೇಲಿ ಮಾಡಿದೆ.

"ರೆಸಾರ್ಟ್ ಅಲ್ವಾ? ಎಂತೆಂತ ಬೇಕಾಗ್ತದೋ ಯಾರಿಗೆ ಗೊತ್ತು," ಎಂದಳು ಅತ್ತಿಗೆ. ಅಮ್ಮ ನನ್ನ ಕಡೆ ನೋಡಿ ತುಟಿ ಕೊಂಕಿಸಿದಳು.

ಬೈಕಂಪಾಡಿಯ ಗೋದಾಮುಗಳನ್ನು ದಾಟಿ, ಇನ್ನೂ ಮುಂದೆ ಹೋಗಿ ನದಿದಂಡೆಯಲ್ಲಿ ಇಳಿದೆವು. ದೋಣಿ ಆಚೆ ದಡದಲ್ಲಿತ್ತು. ನಾನು ಮ್ಯಾನೇಜರಿಗೆ ಆರು ಸಲ ಫೋನ್ ಮಾಡಿದೆ, ಸಿಗ್ನಲ್ ಇಲ್ಲ. ಬಿಸಿಲು ಏರುತ್ತಿತ್ತು, ಅಮ್ಮ ಗೊಣಗಲು ಸುರುಮಾಡಿದಳು. ಆಗ ಅತ್ತಿಗೆ ಬ್ಯಾಗು ಕೆಳಗಿಟ್ಟು, ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು ಉದ್ದಕ್ಕೆ ಒಂದು ಕೂ ಹಾಕಿದಳು. ಅವಳ ಗಂಟಲಲ್ಲಿ ಅಷ್ಟು ದೊಡ್ಡ ಸ್ವರ ಇದೆಯೆಂದು ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೂರನೆಯ ಕೂವಿಗೆ ಆಚೆಯಿಂದ ಮರುಕೂ ಬಂತು, ದೋಣಿಯ ಮುದುಕ ಕೋಲು ಹಾಕುತ್ತ ಬಂದ. "ಹೊಳೆಬದಿಯ ಹೆಣ್ಣು ಅಲ್ವಾ?" ಎಂದು ಅತ್ತಿಗೆಯನ್ನು ಕೇಳಿದ. ಅವಳು ನಾಚಿ ನಕ್ಕಳು. ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ದೋಣಿಗೆ ಎತ್ತಿಟ್ಟೆವು.

ಕುದ್ರು ಚೆಂದ ಇತ್ತು, ಸುಳ್ಳು ಹೇಳಬಾರದು. ತೆಂಗಿನ ಮರಗಳ ನಡುವೆ ಬಲೆಯ ಉಯ್ಯಾಲೆಗಳು, ಕಾಟೇಜಿಗೊಂದು ಜಗಲಿ, ಬಂದ ಕೂಡಲೇ ಕೈಗೆ ಎಳನೀರು. ಆ ಎರಡು ದಿನ ಬೇರೆ ಅತಿಥಿಗಳಿರಲಿಲ್ಲ. ಉಯ್ಯಾಲೆಯಲ್ಲಿ ಬಿದ್ದುಕೊಂಡೆ. ಟೋಕನ್ ಇಲ್ಲ, ಕವರು ಇಲ್ಲ, ಗಾಳಿ ಮಾತ್ರ. ಹದಿನಾರು ವರ್ಷದಲ್ಲಿ ಅಷ್ಟು ಒಳ್ಳೆಯ ನಿದ್ದೆ ನನಗೆ ಬಂದಿರಲಿಲ್ಲ. ಯಾಕೆ ಬಂದಿದ್ದೇವೆ ಎಂಬುದು ಒಂದು ಗಂಟೆ ಮರೆತೇ ಹೋಯಿತು.

ಎದ್ದಾಗ ನೀರು ಇಳಿದಿತ್ತು. ಅತ್ತಿಗೆ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಮರುವಾಯಿ ಹೆಕ್ಕುತ್ತಿದ್ದಳು. ಮರುವಾಯಿ ಎಂದರೆ ಕೆಸರಿನಲ್ಲಿ ಸಿಗುವ ಚಿಪ್ಪುಮಾಂಸ, ನಮಗೆಲ್ಲ ಜೀವ. ಅವಳು ಕಾಲಿನ ಬೆರಳಿನಲ್ಲೇ ಕೆಸರು ತಡವಿ ಹುಡುಕಿ, ಬಗ್ಗಿ, ಎತ್ತಿ, ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಒಮ್ಮೆ ಜಾರಿ ಸೊಂಟದವರೆಗೆ ಒದ್ದೆಯಾಗಿ ಒಬ್ಬಳೇ ಜೋರಾಗಿ ನಕ್ಕಳು. ಇವತ್ತು ಬೇಡ, ಹೇಗೂ ನಾಳೆ ಎಂದು ತೀರ್ಮಾನವಾಗಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಜಗಲಿಯಲ್ಲಿ ಕೂತ ಅಮ್ಮ ಅವಳನ್ನೇ ನೋಡುತ್ತಿದ್ದಳು. "ಇವಳಿಗೆ ಎಂತ ಇಷ್ಟು ಖುಷಿ?" ಎಂದಳು. ಆಮೇಲೆ, "ನಾಳೆ ಇಷ್ಟೊತ್ತಿಗೆ ಈ ನಗು ಎಲ್ಲಿರ್ತದೆ ನೋಡುವ," ಎಂದು ಎಳನೀರಿನ ಗಂಜಿ ಕೆರೆದು ಬಾಯಿಗೆ ಹಾಕಿಕೊಂಡಳು. ನನ್ನ ಅಮ್ಮ ಕೆಟ್ಟವಳಲ್ಲ. ಅವಳಿಗೆ ಮೊಮ್ಮಗಳನ್ನು ನೋಡಬೇಕಿತ್ತು, ದಾರಿಯಲ್ಲಿ ಒಬ್ಬಳು ನಿಂತಿದ್ದಳು, ಅಷ್ಟೇ. ಆದರೆ ಆ ಮಾತು ಕೇಳಿ ನಾನು ನಕ್ಕೆ ಎಂಬುದನ್ನೂ ಬರೆಯಬೇಕು.

ಸಂಜೆ ಅತ್ತಿಗೆ ಎಣ್ಣೆ ಬಿಸಿಮಾಡಿ ತಂದು ಅಮ್ಮನ ಕಾಲ ಬಳಿ ಕೂತಳು. ಎಂದಿನ ಹಾಗೆ ಎಡಗಾಲು ಮೊದಲು. "ಜೋರು ತಿಕ್ಕು," ಎಂದಳು ಅಮ್ಮ, "ನೀರಲ್ಲಿ ಆಡುವಾಗ ಕೈಯಲ್ಲಿ ಬಲ ಇತ್ತಲ್ಲ." ಆಮೇಲೆ ಅಭ್ಯಾಸಬಲದಿಂದ, "ನನ್ನ ಮಗನಿಗೆ ನಿನ್ನ ಮೇಲೆ ತುಂಬ ಪ್ರೀತಿ ಉಂಟು. ಬಾಯಲ್ಲಿ ಹೇಳುವುದಿಲ್ಲ, ಅಷ್ಟೇ," ಎಂದೂ ಸೇರಿಸಿದಳು. ಐದು ವರ್ಷದಿಂದ ವಾರಕ್ಕೊಮ್ಮೆ ಹೇಳುವ ಮಾತು ಅದು, ನಾಲಿಗೆ ತಾನಾಗಿಯೇ ಹೇಳಿತು.

"ಗೊತ್ತುಂಟು ಮಾಮಿ," ಎಂದಳು ಅತ್ತಿಗೆ. ಅತ್ತೆಗೆ ನಮ್ಮಲ್ಲಿ ಮಾಮಿ ಎನ್ನುವುದು. ಅವಳು ತಲೆ ಎತ್ತದೆ ಎರಡೂ ಕಾಲುಗಳನ್ನು ತಿಕ್ಕಿ ಮುಗಿಸಿದಳು.

ಭಾನುವಾರ ಬೆಳಿಗ್ಗೆ ಅವಳು ಮ್ಯಾನೇಜರಲ್ಲಿ ಕೇಳಿ ತೋಟದಿಂದ ಬಾಳೆಲೆ ಕುಯ್ದು ತಂದಳು. ಎರಡು ಎಲೆ. "ಒಂದು ಸಾಕಲ್ಲ?" ಎಂದೆ. "ಗಾಳಿಗೆ ಹರಿದರೆ ಇರಲಿ ಅಂತ," ಎಂದಳು. ಅಡುಗೆಯವನಿಗೆ ಅಪ್ಪನ ಇಷ್ಟದ ಕೋಳಿ ಸುಕ್ಕ, ಕಾಣೆ ಮೀನಿನ ಫ್ರೈ ಮಾಡಲು ಹೇಳಿಯಾಗಿತ್ತು. ಹನ್ನೊಂದು ಗಂಟೆಗೆ ಅಡುಗೆಮನೆಗೆ ಹೋಗಿ ನೋಡಿದರೆ ಅತ್ತಿಗೆ ತಾನೇ ಒಲೆಯ ಮುಂದೆ ನಿಂತು ಬಂಗುಡೆ ಮೀನಿನ ಪುಳಿಮುಂಚಿ ಎಂಬ ಹುಳಿಖಾರದ ಸಾರು ಮಾಡುತ್ತಿದ್ದಳು. ಪಕ್ಕದಲ್ಲಿ ನೀರುದೋಸೆ.

"ಬಂಗುಡೆ ಯಾರಿಗೆ? ಅಪ್ಪ ಮುಟ್ಟುತ್ತಿರಲಿಲ್ಲ," ಎಂದೆ.

"ತಿನ್ನುವವರಿಗೆ," ಎಂದಳು. ಅವಳಿಗೇ ಆಸೆಯಾಗಿರಬೇಕು ಎಂದುಕೊಂಡೆ. ಪಾಪ, ಇವತ್ತಿನ ದಿನ ಚೆನ್ನಾಗಿ ತಿನ್ನಲಿ ಎಂದೂ ಅಂದುಕೊಂಡೆ.

ಅಮ್ಮನಿಗೆ ಬಗ್ಗಿ ಬಡಿಸಲಿಕ್ಕೆ ಆಗದೆ ಏಳೆಂಟು ವರ್ಷ. ಆ ಕೆಲಸ ಅತ್ತಿಗೆಯ ಪಾಲಿಗೆ ಬಂದಿತ್ತು. ಮನೆಯಲ್ಲಾದರೆ ಅಮ್ಮ ಬಾಗಿಲಲ್ಲೇ ಕುರ್ಚಿ ಹಾಕಿ ಕೂತು, ಉಪ್ಪು ಎಲ್ಲಿ, ನೀರು ಎಲ್ಲಿ ಎಂದು ಹೇಳಿಕೊಡುತ್ತಿದ್ದಳು. ಕಾಟೇಜಿನ ಕೋಣೆ ಚಿಕ್ಕದು, ಮಂಚ ದೂಡಿದ ಮೇಲೆ ಬಾಗಿಲಲ್ಲಿ ಕುರ್ಚಿ ಹಿಡಿಯಲಿಲ್ಲ. ಹಾಗಾಗಿ ಅಮ್ಮನನ್ನು ಜಗಲಿಯಲ್ಲಿ, ನದಿಯ ಕಡೆ ಮುಖ ಮಾಡಿ ಕೂರಿಸಿದೆವು. ನಾವು ಐದು ವರ್ಷ ವಂಚಿಸಿದ ಹೆಂಗಸಿನ ಕೈಗೆ ಸೌಟು ಕೊಟ್ಟು, ಬೆನ್ನು ತಿರುಗಿಸಿ ಕೂತೆವು. ಇಂಥ ಬುದ್ಧಿ ನಮ್ಮಂಥವರಿಗೆ ಮಾತ್ರ ಬರಲು ಸಾಧ್ಯ.

ಒಳಗಿನಿಂದ ಅತ್ತಿಗೆ ಕರೆಯುವುದು ಕೇಳಿಸಿತು. "ಬಲೆ, ವಣಸ್ ಮಲ್ಪುಲೆ." ಬನ್ನಿ, ಊಟ ಮಾಡಿ ಎಂದು. ಸ್ವಲ್ಪ ತಡೆದು, ತಗ್ಗಿದ ಸ್ವರದಲ್ಲಿ ಇನ್ನೊಮ್ಮೆ ಅದೇ ಮಾತು. ಎರಡು ಸಲ ಯಾಕೆ ಕರೆದಳು ಎಂದು ನನಗೆ ಅನಿಸಲಿಲ್ಲ. ಅವಳು ಹೊರಗೆ ಬಂದು ಬಾಗಿಲು ಎಳೆದು, ಜಗಲಿಯ ಕಂಬಕ್ಕೆ ಒರಗಿ ನಿಂತಳು. ಅಮ್ಮ ನನ್ನ ತೊಡೆಗೆ ಚಿವುಟಿ ಕಣ್ಣಲ್ಲೇ ಸನ್ನೆ ಮಾಡಿದಳು, ಊಟ ಆದ ಕೂಡಲೇ ಎಂದು. ನಾನು ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡೆ. ಅತ್ತಿಗೆ, ಒಂದು ವಿಷಯ ಉಂಟು, ನೀನು ಧೈರ್ಯ ತಗೊಳ್ಳಬೇಕು. ಕೌಂಟರಿನ ಮುಖ ಹಾಕಿಕೊಂಡೆ.

ಅತ್ತಿಗೆ ಬಾಗಿಲಿಗೆ ಎರಡು ಸಲ ತಟ್ಟಿ ತೆರೆದಳು. ನಾನು ಅಮ್ಮನ ತೋಳು ಹಿಡಿದು ಒಳಗೆ ನಡೆಸಿದೆ.

ನೆಲದಲ್ಲಿ ಎರಡು ಎಲೆಗಳಿದ್ದವು. ಒಂದರಲ್ಲಿ ಅಪ್ಪನ ಸುಕ್ಕ, ಕಾಣೆ, ಪಕ್ಕದಲ್ಲಿ ಸಣ್ಣ ಲೋಟದಲ್ಲಿ ಬ್ರಾಂಡಿ. ಇನ್ನೊಂದರಲ್ಲಿ ನೀರುದೋಸೆ, ಬಂಗುಡೆ ಪುಳಿಮುಂಚಿ. ಅದು ಯಾರ ಇಷ್ಟ ಎಂದು ಅಮ್ಮನಿಗೆ ಹೇಳಿಕೊಡಬೇಕಾಗಿರಲಿಲ್ಲ. ಆ ಎಲೆಯ ಪಕ್ಕ ಸಾಲಾಗಿ ಸೆಂಟಿನ ಬಾಟಲಿ, ಸಾಬೂನಿನ ಡಬ್ಬ, ಪ್ಲಾಸ್ಟಿಕ್ ಕವರು ಬಿಚ್ಚದ ನೈಟಿ. ಐದು ವರ್ಷದಲ್ಲಿ ನಾನು ಕೊಟ್ಟ ಒಂದನ್ನೂ ಅವಳು ತೆರೆದಿರಲಿಲ್ಲ.

"ಇದು ಯಾರಿಗೆ?" ಎಂದಳು ಅಮ್ಮ.

"ನಿಮ್ಮ ಮಗನಿಗೆ ಮಾಮಿ. ಕರೆದಾಯ್ತು, ಉಂಡೂ ಆಯ್ತು."

ಜೀವಂತ ಇರುವವರಿಗೆ ಎಲೆ ಹಾಕುವುದು ಎಂದರೆ ನಮ್ಮಲ್ಲಿ ಶತ್ರುವಿಗೂ ಬಾಯಿ ಬಿಟ್ಟು ಹೇಳುವ ಮಾತಲ್ಲ. ಅಮ್ಮ ನನ್ನ ಕೈ ಕೊಸರಿಕೊಂಡು ಕಿರುಚಿದಳು. "ನಿನ್ನ ನಾಲಿಗೆಗೆ ಹುಳ ಬೀಳ! ಅವನು ಬದುಕಿದ್ದಾನೆ! ಹೆಂಡತಿ, ಮಗು ಎಲ್ಲ ಇದ್ದು ಅಲ್ಲಿ ಸುಖದಲ್ಲಿದ್ದಾನೆ ನನ್ನ ಮಗ!"

ನಾನು ಐದು ವರ್ಷ ಕಾಪಾಡಿದ ಸುದ್ದಿ, ಬೆಳಗಿನಿಂದ ನಯವಾಗಿ ಜೋಡಿಸಿಟ್ಟ ಸುದ್ದಿ, ಅಮ್ಮನ ಬಾಯಿಂದ ಹೀಗೆ ಹೊರಬಿತ್ತು.

ಅತ್ತಿಗೆ ಅಳಲಿಲ್ಲ. "ಇಷ್ಟು ಹೇಳಲಿಕ್ಕೆ ನಿಮಗೆ ಐದು ವರ್ಷ ಬೇಕಾಯ್ತಲ್ಲ ಮಾಮಿ," ಎಂದಳು. ಆಮೇಲೆ ಸೆಂಟಿನ ಬಾಟಲಿ ಎತ್ತಿ ಅಡಿಭಾಗವನ್ನು ನನಗೆ ತೋರಿಸಿದಳು. ಅಲ್ಲಿ ಮಂಗಳೂರಿನ ಅಂಗಡಿಯ ಸ್ಟಿಕ್ಕರ್ ಹಾಗೇ ಇತ್ತು. "ಮೊದಲನೆಯ ವರ್ಷವೇ ಇದನ್ನು ಕೀಳಲಿಕ್ಕೆ ನೀನು ಮರೆತಿದ್ದಿ. ಗಂಡ ಕಳಿಸದೆ ಇದ್ದದ್ದನ್ನು ನಾದಿನಿ ಯಾಕೆ ತಂದು ಕೊಡ್ತಾಳೆ ಅಂತ ಯೋಚನೆ ಬಂತು. ಬಾಗಿಲಿಗೆ ಮೀನು ಮಾರಲು ಬರುವ ಮೀನಿನ ಅಕ್ಕನ ಹತ್ತಿರ ಕೇಳಿದೆ. ಅವರ ಮಗ ಅಲ್ಲೇ ಕೆಲಸದಲ್ಲಿ ಇರುವುದಲ್ಲ. ಮರುದಿನವೇ ಫೋಟೋ ತರಿಸಿ ತೋರಿಸಿದರು."

"ಗೊತ್ತಿದ್ದೂ ನಾಲ್ಕು ವರ್ಷ ಯಾಕೆ ಇದ್ದಿ?" ಎಂದು ಕೇಳಿದೆ.

"ಹೋಗಲಿಕ್ಕೆ ಜಾಗ ಇರಲಿಲ್ಲ, ಅದೊಂದು. ಮತ್ತೆ, ನೀನಾದರೂ ಒಂದು ದಿನ ಹೇಳ್ತೀಯಾ ಅಂತ ಕಾದೆ. ಕಾಲಿಗೆ ಎಣ್ಣೆ ತಿಕ್ಕುವಾಗ ಮಾಮಿಯ ಮುಖ ನೋಡ್ತಿದ್ದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ಮೊನ್ನೆ ನೀವು ರೆಸಾರ್ಟ್ ಅಂದಾಗ ಗೊತ್ತಾಯ್ತು. ನನ್ನನ್ನು ಸುಮ್ಮನೆ ರೆಸಾರ್ಟಿಗೆ ಕರ್ಕೊಂಡು ಹೋಗುವವರಾ ನೀವು?"

ಅಮ್ಮ ಮಂಚದ ಅಂಚಿಗೆ ಕುಸಿದಿದ್ದಳು. ಬೈಯುವುದು ನಿಂತು ಬೇಡುವುದು ಸುರುವಾಗಿತ್ತು. "ಆ ಎಲೆ ತೆಗಿ ಮಗಾ. ತಪ್ಪಾಯ್ತು, ಕರೆದದ್ದು ಸುಳ್ಳು ಅಂತ ಒಂದು ಮಾತು ಹೇಳು. ನಿನ್ನ ಕಾಲು ಹಿಡೀತೇನೆ." ಅತ್ತಿಗೆ ಮದುವೆಯಾಗಿ ಬಂದ ಈ ಹದಿನಾಲ್ಕು ವರ್ಷದಲ್ಲಿ ಅಮ್ಮ ಅವಳನ್ನು ಮಗಾ ಎಂದದ್ದು ಅದೇ ಮೊದಲು.

"ಕರೆದದ್ದನ್ನು ವಾಪಸು ತೆಗೆಯಲಿಕ್ಕೆ ಆಗುವುದಾ ಮಾಮಿ? ಈ ಕ್ರಮವೆಲ್ಲ ನೀವೇ ಅಲ್ವಾ ನನಗೆ ಕಲಿಸಿದ್ದು," ಎಂದು ಅತ್ತಿಗೆ ಆ ಎರಡನೆಯ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಸತ್ತವರ ಎಲೆಯನ್ನು ಮನೆಯವರು ಉಣ್ಣಬೇಕಲ್ಲ. ದೋಸೆಯನ್ನು ಮುರಿದು, ಪುಳಿಮುಂಚಿಯಲ್ಲಿ ಅದ್ದಿ ಅದ್ದಿ ತಿಂದಳು. ಬಂಗುಡೆಯ ಮುಳ್ಳು ಬಿಡಿಸಿ ಎಲೆಯ ಬದಿಗಿಟ್ಟಳು, ತಲೆಯನ್ನೂ ಬಿಡದೆ ಚೀಪಿದಳು. ಅವಸರ ಇರಲಿಲ್ಲ. ನಾವಿಬ್ಬರೂ ನೋಡುತ್ತ ನಿಂತೆವು. ನನಗೆ ಹಸಿವೆ ಆಗುತ್ತಿತ್ತು ಎಂದರೆ ನೀವು ನಂಬಬೇಕು, ಬಾಯಲ್ಲಿ ನೀರು ಬರುತ್ತಿತ್ತು.

ಕೈತೊಳೆದು ಅವಳು ದೊಡ್ಡ ಬ್ಯಾಗು ಎತ್ತಿಕೊಂಡಳು. ಅದರಲ್ಲಿ ಅವಳ ಎಲ್ಲ ಬಟ್ಟೆಗಳೂ, ಕಾಗದಪತ್ರಗಳೂ ಇದ್ದವು. ಬೈಕಂಪಾಡಿಯಲ್ಲಿ ಗೋಡಂಬಿ ಪ್ಯಾಕಿಂಗಿನ ಕೆಲಸ, ಜೊತೆಗೆ ಕೆಲಸ ಮಾಡುವ ಇಬ್ಬರ ರೂಮಿನಲ್ಲಿ ಜಾಗ, ಎಲ್ಲವನ್ನೂ ಮೀನಿನ ಅಕ್ಕ ಹಿಂದಿನ ತಿಂಗಳೇ ಗೊತ್ತುಮಾಡಿಕೊಟ್ಟಿದ್ದರಂತೆ. ಸೆಂಟು, ಸಾಬೂನು, ನೈಟಿ ಅಲ್ಲೇ ನೆಲದಲ್ಲಿದ್ದವು. ಬಾಗಿಲಲ್ಲಿ ನಿಂತು ನನಗೆ ಹೇಳಿದಳು: "ಎಣ್ಣೆಯ ಬಾಟಲಿ ಬಚ್ಚಲಿನ ಗೂಡಿನಲ್ಲಿ ಉಂಟು. ಬಿಸಿ ಮಾಡಿಯೇ ಹಚ್ಚು, ಎಡಗಾಲಿಗೆ ಸ್ವಲ್ಪ ಜಾಸ್ತಿ. ಮತ್ತೆ ಮುಂದಿನ ವರ್ಷ ಮರೀಬೇಡಿ. ಎರಡು ಎಲೆ."

ನೀರಿನ ಅಂಚಿಗೆ ಹೋಗಿ ಕೂ ಹಾಕಿದಳು. ಅವತ್ತು ಮೊದಲ ಕೂವಿಗೇ ದೋಣಿ ಬಂತು. ಅವಳು ಎದ್ದು ಹೋಗದ ಹಾಗೆ ನಾನು ಆರಿಸಿದ ದ್ವೀಪದಲ್ಲಿ ಉಳಿದದ್ದು ನಾನು ಮತ್ತು ಅಮ್ಮ. ದೋಣಿಯ ಮುದುಕ ಆಚೆ ದಡದಲ್ಲೇ ಊಟಕ್ಕೆ ಕೂತ. ನಾನು ಕೂ ಹಾಕಿ ನೋಡಿದೆ. ನನ್ನ ಸ್ವರ ನೀರಿನ ಅರ್ಧಕ್ಕೂ ಹೋಗಲಿಲ್ಲ. ಸಂಜೆ ನಾಲ್ಕರವರೆಗೆ ಅಮ್ಮ ಆ ಖಾಲಿ ಎಲೆಯನ್ನು ನೋಡುತ್ತ ಕೂತಿದ್ದಳು, ಮುಟ್ಟಲೂ ಬಿಡಲಿಲ್ಲ.

ಮೇ ತಿಂಗಳಲ್ಲಿ ಅಣ್ಣ ಸಂಸಾರ ಸಮೇತ ಬಂದ. ಅಮ್ಮ ಅವನ ಕೆನ್ನೆ, ತೋಳು ಮುಟ್ಟಿ ಮುಟ್ಟಿ ನೋಡಿದಳು. ಹದಿನೈದು ದಿನವೂ ಅವನಿಗೆ ಸ್ಟೀಲಿನ ಬಟ್ಟಲಲ್ಲೇ ಊಟ, ನೆಂಟರು ಬಂದ ದಿನವೂ ಬಾಳೆಲೆ ಹಾಕಲು ಬಿಡಲಿಲ್ಲ. ಬಂಗುಡೆ ಮನೆಯೊಳಗೆ ಬರಲಿಲ್ಲ. ವಿಷಯ ತಿಳಿದಾಗ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ನನ್ನನ್ನು ಕೊಂದೇ ಬಿಟ್ಟಳಾ ಮಾರಾಯ್ತಿ?" ಎಂದ. ಅಮ್ಮ ನಗಲಿಲ್ಲ. ಅವನು ಬಾಗಿಲಿಗೆ ತಟ್ಟಿದಾಗೆಲ್ಲ ಅವಳು ಬೆಚ್ಚಿಬೀಳುತ್ತಿದ್ದಳು. ಕಾದು ಕಾದು ನೋಡಿದ ಮೊಮ್ಮಗಳಿಗೆ ತುಳು ಬರುತ್ತಿರಲಿಲ್ಲ, ಅಜ್ಜಿಯ ಎಣ್ಣೆಯ ವಾಸನೆ ಆಗುತ್ತಿರಲಿಲ್ಲ. ಅವರು ಹೋದ ಮೇಲೆ ಹೋಂ ನರ್ಸ್ ಎರಡು ತಿಂಗಳು ಬಂದಳು, ಅಮ್ಮನ ಬಾಯಿಗೆ ಹೆದರಿ ಬಿಟ್ಟಳು. ಈಗ ಅಮ್ಮ ನನ್ನ ಫ್ಲ್ಯಾಟಿನಲ್ಲಿದ್ದಾಳೆ. ಬೆಳಿಗ್ಗೆ, ಸಂಜೆ ಎಣ್ಣೆ ತಿಕ್ಕುವುದು ನಾನು. ಜೋರು ತಿಕ್ಕು ಎನ್ನುತ್ತಾಳೆ.

ಈ ವರ್ಷ ಅಪ್ಪನ ದಿನ ಬಂತು. ಹಿಂದಿನ ದಿನ ನಾನು ಎಲೆ ತರಲು ಹೊರಟಾಗ ಅಮ್ಮ ಕೇಳಿದಳು, "ಒಂದಾ, ಎರಡಾ?"

"ಒಂದೇ. ಅವನು ಬದುಕಿದ್ದಾನಲ್ಲಮ್ಮ."

"ಬಡಿಸಿ ಆಗಿದೆಯಲ್ಲ. ಈ ವರ್ಷ ಬಿಟ್ಟರೆ ಹಸಿದು ತಿರುಗ್ತಾನೆ. ಬಡಿಸಿದರೆ..." ಎಂದಳು. ಬಿಡುವ ಧೈರ್ಯ ಇಲ್ಲ, ಬಡಿಸುವ ಧೈರ್ಯ ಇಲ್ಲ. ಹೇಳು ಮಗಾ, ನಿನಗೆ ಅಭ್ಯಾಸ ಉಂಟಲ್ಲ ಎನ್ನುವ ಹಾಗೆ ನನ್ನ ಮುಖವನ್ನೇ ನೋಡಿದಳು. ಕೌಂಟರಿನ ಎದುರು ನಿಲ್ಲುವವರು ನೋಡುತ್ತಾರಲ್ಲ, ಹಾಗೆ. ನಾನು ಎರಡು ಎಲೆ ತಂದೆ.

ಮಲಗುವ ಕೋಣೆಯಲ್ಲಿ ನಾನೇ ಬಗ್ಗಿ ಬಡಿಸಿದೆ. ಅಪ್ಪನನ್ನು ಕರೆದೆ. ಆಮೇಲೆ ಅಣ್ಣನನ್ನು ಕರೆದೆ, ತಗ್ಗಿದ ಸ್ವರದಲ್ಲಿ. ಬಾಗಿಲು ಎಳೆದು ಹೊರಗೆ ಬಂದು ಅಮ್ಮನ ಪಕ್ಕ ಕೂತೆ. ಆಗ ಅಮ್ಮನ ಫೋನು ಬಡಿದುಕೊಂಡಿತು. ಅಣ್ಣ. ಅಮ್ಮನಿಗೆ ಕಿವಿ ಮಂದ, ಸ್ಪೀಕರ್ ಯಾವಾಗಲೂ ಹಾಕಿಯೇ ಇರುತ್ತದೆ.

"ಅಮ್ಮಾ, ಊಟ ಆಯ್ತಾ?" ಎಂದ.

ಅಮ್ಮ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. "ನಮ್ಮದು ಇನ್ನು ಆಗಬೇಕಷ್ಟೇ," ಎಂದಳು. "ನಿನ್ನದು ಆಗ್ತಾ ಉಂಟು."

ಅವನಿಗೆ ಅರ್ಥವಾಗಲಿಲ್ಲ, ಎಂತ ಎಂತ ಎಂದು ಕೇಳುತ್ತಲೇ ಇದ್ದ. ನಾನು ಎದ್ದು ಹೋಗಿ ಬಾಗಿಲಿಗೆ ಎರಡು ಸಲ ತಟ್ಟಿದೆ.